ಹೆಬ್ಬೆರಳು ಅಳಿಸಿದ ಮನೆಗಳು

ನನ್ನ ಬಲಗೈಯ ಹೆಬ್ಬೆರಳಿಗೆ ಒಂದು ಕೆಟ್ಟ ಅಭ್ಯಾಸ ಉಂಟು. ಬರೆದದ್ದರಲ್ಲಿ ತಪ್ಪು ಕಂಡರೆ ಸಾಕು, ನನ್ನನ್ನು ಒಂದು ಮಾತು ಕೇಳದೆ ಅದು ನಾಲಗೆಗೆ ಹೋಗಿ, ಒದ್ದೆಯಾಗಿ ಬಂದು, ತಪ್ಪಿನ ಮೇಲೆ ಕುಳಿತು ಉಜ್ಜಲು ಶುರುಮಾಡುತ್ತದೆ. ಹೋಟೆಲಿನ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ‘ನೀರುದೋಸೇ’ ಎಂದು ಬರೆದಿದ್ದರೆ ಆ ಕೊನೆಯ ದೀರ್ಘವನ್ನು ಅಳಿಸಿದ ಮೇಲೆಯೇ ನನಗೆ ದೋಸೆ ಗಂಟಲಿನಲ್ಲಿ ಇಳಿಯುವುದು. ಪುತ್ತೂರಿನ ದರ್ಬೆಯ ಒಂದು ಹೋಟೆಲಿನವರಂತೂ ನಾನು ಮೆಟ್ಟಿಲು ಹತ್ತುವಾಗಲೇ, “ಮಾರಾಯ್ರೆ, ಇವತ್ತು ಎಲ್ಲ ಸರಿ ಬರೆದದ್ದು. ನೀವು ಸೀದಾ ಹೋಗಿ ಕೂತ್ಕೊಳ್ಳಿ” ಎನ್ನುತ್ತಾರೆ.

ಈ ಅಭ್ಯಾಸ ಬಂದದ್ದು ಪ್ರೆಸ್ಸಿನಿಂದ. ಎಸ್ಸೆಸ್ಸೆಲ್ಸಿ ಮುಗಿಸಿ ಹುಟ್ಟೂರು ಪಂಜದಿಂದ ಪುತ್ತೂರಿಗೆ ಬಂದವನು ಸಣ್ಣದೊಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಮದುವೆ ಕಾಗದ, ರಶೀದಿ ಪುಸ್ತಕ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಹಿಂದುಮುಂದಾಗಿ ಜೋಡಿಸಬೇಕು. ಅಲ್ಲಿ ಅರ್ಥ ನೋಡುತ್ತ ಕೂತರೆ ಕೆಲಸ ಸಾಗುವುದಿಲ್ಲ, ಅಕ್ಷರ ಮಾತ್ರ ನೋಡಬೇಕು. ಮುಂದೆ ಕಂಪ್ಯೂಟರ್ ಬಂತು, ಮೊಳೆಗಳು ಗುಜರಿಗೆ ಹೋದವು, ನಾನು ಪ್ರೂಫ್ ನೋಡುವವನಾಗಿ ಉಳಿದೆ. ಮದುಮಗನ ಹೆಸರಿಗೆ ಒತ್ತು ಸರಿಯಾಗಿ ಬಿದ್ದಿದೆಯೇ ಎಂದು ನೋಡಿದೆನೇ ಹೊರತು, ಅವನಿಗೆ ಮದುವೆಯಾಗುತ್ತಿದೆ ಎಂದು ಒಂದು ದಿನವೂ ಖುಷಿಪಡಲಿಲ್ಲ.

ಹಾಗೆ ಅಕ್ಷರ ಕಂಡು ಅರ್ಥ ಕಾಣದ ಒಬ್ಬ ಮುದುಕ ಮಕ್ಕಳಿಗೆ ಕವಿತೆ ಕಲಿಸಲು ಕೂತರೆ ಏನಾಗಬಹುದೋ ಅದೇ ಆಯಿತು. ನಾನು ಹೇಳಹೊರಟದ್ದು ಅದನ್ನು. ಹೇಳದಿದ್ದರೆ ಊಟ ರುಚಿಸುವುದಿಲ್ಲ ಎಂದೇನಲ್ಲ, ಊಟ ಚೆನ್ನಾಗಿಯೇ ರುಚಿಸುತ್ತದೆ. ಆದರೂ ಹೇಳಬೇಕು.

ದರ್ಬೆಯ ಮುಖ್ಯರಸ್ತೆಯಿಂದ ಒಳಗೆ ನಮ್ಮ ಮನೆ. ನಾನು, ಹೆಂಡತಿ, ಮಗಳು, ಅಳಿಯ ಮತ್ತು ಐದನೆಯ ತರಗತಿಯ ಮೊಮ್ಮಗಳು. ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಮೊದಲು ಮೊಮ್ಮಗಳು ಶಾಲೆಯ ಪದ್ಯವೊಂದನ್ನು ಮಗ್ಗಿಯ ಹಾಗೆ ಕೂಗುತ್ತ ಬಾಯಿಪಾಠ ಮಾಡುತ್ತಿದ್ದಳು. “ಹಾಗಲ್ಲ ಮಗಾ” ಎಂದು ನಾನು ರಾಗ ಎಳೆದು ಹೇಳಿಕೊಟ್ಟೆ. ಅವಳು ಸ್ವಲ್ಪ ಹೊತ್ತು ಕೇಳಿದಳು.

“ಅಜ್ಜ, ನಾನು ಹೇಳಿದ್ರೆ ತಲೆನೋವು ಬರ್ತದೆ, ನೀವು ಹೇಳಿದ್ರೆ ನಿದ್ದೆ ಬರ್ತದೆ. ಯಾವ್ದು ಒಳ್ಳೇದು?”

ಆ ಸಂಜೆ ಅವಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ, ಏನೋ ತರಲಿಕ್ಕಿತ್ತು. ಅಲ್ಲಿ ಒಬ್ಬ ಏಜೆಂಟ್ ಬಸ್ಸಿಗೆ ಜನ ಕರೆಯುತ್ತಿದ್ದ: “ಕಡಬ ಕಡಬ ಕಡಬಾ, ಉಪ್ಪಿನಂಗಡಿ ಕಡಬಾ!” ಮೊಮ್ಮಗಳು ನಿಂತುಬಿಟ್ಟಳು. ಅವಳ ಹಿಮ್ಮಡಿ ಆ ಕೂಗಿಗೆ ಸರಿಯಾಗಿ ಏಳುತ್ತಿತ್ತು, ಬೀಳುತ್ತಿತ್ತು. ನಿದ್ದೆಯೂ ಇಲ್ಲ, ತಲೆನೋವೂ ಇಲ್ಲ. ಮನೆಗೆ ಬರುವ ದಾರಿಯಲ್ಲಿ ನಾವಿಬ್ಬರೂ ಸೇರಿ ಕಟ್ಟಿದ್ದು ಇದು:

ಕಡಬಕೆ ಹೋಗುವ ಬಸ್ಸಿನಲಿ
ಕಡುಬಿನ ಪಾತ್ರೆಯು ಮಡಿಲಿನಲಿ
ಬ್ರೇಕನು ಒತ್ತಿದ ಡ್ರೈವರಣ್ಣ
ಕಡುಬುಗಳುರುಳಿದುವಲ್ಲಲ್ಲಿ!

ಮರುದಿನ ಅದು ನಮ್ಮ ಓಣಿಯ ಎಲ್ಲ ಮಕ್ಕಳ ಬಾಯಲ್ಲಿತ್ತು. ಅದರ ಮರುದಿನ ಆ ಮಕ್ಕಳೇ ನಮ್ಮ ಜಗಲಿಯಲ್ಲಿದ್ದರು.

ನೋಟ್‌ಬುಕ್ಕು ತರಬೇಡಿ ಎಂದೆ. ಪುಸ್ತಕ ಕಂಡರೆ ಮಕ್ಕಳಿಗೆ ಮಾರ್ಕು ನೆನಪಾಗುತ್ತದೆ. ನಮ್ಮದು ಕೆಂಪು ನೆಲ, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಚಂದ ಕಾಣುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಜಾಗ. ಮಕ್ಕಳು ಹೊಟ್ಟೆಯ ಮೇಲೆ ಮಲಗಿ ಬರೆಯುವರು, ಬರೆದ ಮೇಲೆ ಎದ್ದು ನಿಂತು ಕೈಯಲ್ಲಿ ಗೆರಟೆ ಕುಟ್ಟುತ್ತ ಓದುವರು. ಅರ್ಧ ತೆಂಗಿನ ಗೆರಟೆಗಳು ಎರಡು ಸೇರಿದರೆ ಅದಕ್ಕಿಂತ ಒಳ್ಳೆಯ ತಾಳವಿಲ್ಲ. ಸಂಜೆಗೆ ನನ್ನ ಹೆಂಡತಿ ಒದ್ದೆಬಟ್ಟೆ ತಂದು ಎಲ್ಲ ಕವಿತೆಗಳನ್ನೂ ಒರೆಸುವಳು.

ಮೊದಲ ದಿನ ಅವಳು ಸೊಂಟಕ್ಕೆ ಕೈಕೊಟ್ಟು ನಿಂತು, “ಈಗ ಒರೆಸಿದ ನೆಲ! ನಿಮ್ಗೆ ಬುದ್ಧಿ ಉಟ್ಟಾ?” ಎಂದು ಕೇಳಿದ್ದಳು. ಬುದ್ಧಿ ಇದೆಯಾ ಎಂದು ಅರ್ಥ. ನಮ್ಮದು ಅರೆಭಾಷೆ ಮನೆ, ಉಳಿದವರ ‘ಉಂಟು’ ನಮಗೆ ‘ಉಟ್ಟು’. ಮೊಮ್ಮಗಳು ಥಟ್ಟನೆ, “ಅಜ್ಜಿ, ಬುದ್ಧಿ ಉಟ್ಟು, ಆದರೆ ಒರೆಸಿ ಹೋಗ್ಯುಟ್ಟು” ಎಂದಳು. ಆ ಪ್ರಾಸಕ್ಕೆ ನಾನು ಅವಳಿಗೆ ಒಂದು ಇಡೀ ಸೀಮೆಸುಣ್ಣ ಬಹುಮಾನ ಕೊಟ್ಟೆ. ಹೆಂಡತಿ ಒಳಗೆ ಹೋಗಿ ನಕ್ಕದ್ದು ನಮಗೆಲ್ಲ ಕೇಳಿಸಿತು.

ನಮ್ಮ ಜಗಲಿಗೆ ಬರುತ್ತಿದ್ದ ಮಕ್ಕಳ ಮನೆಮಾತು ಬೇರೆ ಬೇರೆ. ತುಳು, ಅರೆಭಾಷೆ, ಬ್ಯಾರಿ, ಮಲಯಾಳ. ಕನ್ನಡ ಎಲ್ಲರಿಗೂ ಬರುತ್ತದೆ, ಎಲ್ಲರೂ ಅದನ್ನು ಅರ್ಧ ನುಂಗಿಯೇ ಆಡುವುದು. ಮಾಡುದು, ಹೋಗುದು, ತಿನ್ನುದು. ನನ್ನ ಒಂದೇ ಪಲ್ಲವಿ: “ಕೊನೆಯ ಅಕ್ಷರವನ್ನು ನುಂಗಬೇಡಿ, ಅದು ತಿಂಡಿಯಲ್ಲ. ಬಾಯಿ ತೆರೆದು ಮುಗಿಸಿ.” ಅರ್ಧಕ್ಕೆ ನಿಂತ ಅಕ್ಷರ ನೆಲದ ಮೇಲೆ ಕಂಡಲ್ಲೆಲ್ಲ ನನ್ನ ಹೆಬ್ಬೆರಳು ಇಳಿಯುತ್ತಿತ್ತು.

ಆ ಮಕ್ಕಳಲ್ಲಿ ಒಬ್ಬಳು ಹಿಂದಿನ ಓಣಿಯವಳು. ಮೂರನೆಯ ತರಗತಿ. ಅಪ್ಪ ಟೆಂಪೋ ಓಡಿಸುತ್ತಾರೆ, ಅಮ್ಮ ಮನೆಯಲ್ಲೇ ರವಕೆ ಹೊಲಿಯುತ್ತಾರೆ, ಮನೆಮಾತು ತುಳು. ಈ ಹುಡುಗಿ ಮಾತು ಕಡಿಮೆ. ಯೋಚನೆ ಮಾಡುವಾಗ ಸೀಮೆಸುಣ್ಣ ಬಾಯಲ್ಲಿಟ್ಟುಕೊಳ್ಳುವಳು. ಕವಿತೆ ಸಿಕ್ಕಿದಾಗ ತುಟಿಯೆಲ್ಲ ಬಿಳಿ ಮಾಡಿಕೊಂಡು ನಗುವಳು. ಒಂದು ದಿನ ಅವಳು ಬರೆದದ್ದು:

ಅಮ್ಮನ ಮಿಶನ್ ಓಡ್ತಾ ಓಡ್ತಾ
ಎಲ್ಲಿಗು ಹೋಗುದಿಲ್ಲ

ಎಷ್ಟು ಒಳ್ಳೆಯ ಸಾಲು! ನನ್ನ ಹೆಬ್ಬೆರಳಿಗೆ ಮಾತ್ರ ಕಂಡದ್ದು ‘ಹೋಗುದಿಲ್ಲ’. ‘ಹೋಗುವುದಿಲ್ಲ’ ಎಂದು ತಿದ್ದಿದೆ. ಅವಳು ಗೆರಟೆ ಕುಟ್ಟಿ ಓದಿದಾಗ ಆ ‘ವು’ ಎಂಬಲ್ಲಿಗೆ ಬಂದು ತಾಳ ಎಡವಿತು. ಅವಳು ನನ್ನ ಮುಖ ನೋಡಿದಳು. ನಾನು, “ಅಭ್ಯಾಸ ಆಗ್ತದೆ” ಎಂದೆ.

ಒಂದು ಭಾನುವಾರ ನನಗೆ ಹೊಸ ಆಟ ಹೊಳೆಯಿತು. “ಇವತ್ತು ಪ್ರತಿಯೊಬ್ಬರೂ ಕವಿತೆಯಲ್ಲಿ ನಿಮ್ಮ ನಿಮ್ಮ ಮನೆಯ ಮಾತು ಒಂದನ್ನು ತರಬೇಕು. ಕನ್ನಡದ ನಡುವೆ ಅದನ್ನು ಕೂರಿಸಬೇಕು” ಎಂದೆ. ಜಗಲಿ ಜಾತ್ರೆಯಾಯಿತು. ಒಬ್ಬ ಬೆಕ್ಕಿಗೆ ‘ಪೂಚ’ ಎಂದು ಮಲಯಾಳದಿಂದ ತಂದ. ಮೊಮ್ಮಗಳು ಅರೆಭಾಷೆಯ ‘ಗೂಡೆ’ಯನ್ನು, ಎಂದರೆ ಹುಡುಗಿಯನ್ನು, ಹಕ್ಕಿಯ ಗೂಡಿನೊಳಗೆ ಕೂರಿಸಿದಳು. ಪೂಚ ಗೂಡೆಯನ್ನು ಅಟ್ಟಿಸಿಕೊಂಡು ಹೋಗುವ ಇನ್ನೊಂದು ಕವಿತೆ ಆ ಎರಡನ್ನೂ ಕದ್ದು ತಯಾರಾಯಿತು, ಅದಕ್ಕೊಂದು ಜಗಳವೂ ಆಯಿತು.

ಹಿಂದಿನ ಓಣಿಯ ಹುಡುಗಿ ಮೂಲೆಯ ತನ್ನ ಜಾಗದಲ್ಲಿ ಹೊಟ್ಟೆ ಅಡಿಮಾಡಿ ಬರೆದು ಮುಗಿಸಿ, ಬಿಳಿ ತುಟಿಯಲ್ಲಿ ನಗುತ್ತ ನನಗಾಗಿ ಕಾಯುತ್ತಿದ್ದಳು. ಹೋಗಿ ನೋಡಿದೆ.

ಮೀನಿಗೆ ನೀರು ಇಲ್ಲ್
ಇರುವೆಗೆ ಮಣ್ಣು ಇಲ್ಲ್
ಹಕ್ಕಿಗೆ ಮರ ಇಲ್ಲ್
ನಂಗೆ ಅಮ್ಮನ ಮಡಿಲು ಇಲ್ಲ್

ನನಗೆ ಮೊದಲು ಕಂಡದ್ದು ಆ ನಾಲ್ಕು ಅರ್ಧಾಕ್ಷರ. ಮತ್ತದೇ ನುಂಗುವ ಅಭ್ಯಾಸ. ಹೆಬ್ಬೆರಳು ನಾಲಗೆಗೆ ಹೋಯಿತು, ಬಂತು, ನಾಲ್ಕು ಸಾಲಿನ ಕೊನೆಯಲ್ಲೂ ಅಕ್ಷರದ ತಲೆಗೆ ಸಿಕ್ಕಿಸಿದ್ದ ಆ ಪುಟ್ಟ ಬಾಲವನ್ನು ಒರೆಸಿ ಹಾಕಿತು. ‘ಇಲ್ಲ್’ ಇದ್ದದ್ದು ‘ಇಲ್ಲ’ ಆಯಿತು. ಆಮೇಲೆ ಒಟ್ಟಿಗೆ ಓದಿದೆ. ಮೀನಿಗೆ ನೀರು ಇಲ್ಲ. ಇರುವೆಗೆ ಮಣ್ಣು ಇಲ್ಲ. ಹಕ್ಕಿಗೆ ಮರ ಇಲ್ಲ. ನಂಗೆ ಅಮ್ಮನ ಮಡಿಲು ಇಲ್ಲ. ಇಷ್ಟು ಸಣ್ಣ ಮಗುವಿನೊಳಗೆ ಇಷ್ಟು ದೊಡ್ಡ ದುಃಖವೇ!

“ಮಗಾ, ಬಹಳ ಚೆನ್ನಾಗುಂಟು” ಎಂದೆ. “ಮನೆಯ ಮಾತು ತರ್ಲಿಕ್ಕೆ ಮಾತ್ರ ಮರ್ತು ಹೋಯ್ತಲ್ಲ. ಪರ್ವಾಗಿಲ್ಲ.”

“ತಂದಿದ್ದೇನಲ್ಲ ಅಜ್ಜ” ಎಂದಳು ಅವಳು ಸಣ್ಣಕ್ಕೆ. ತುಟಿಯ ನಗು ಹೋಗಿತ್ತು.

ಅಷ್ಟರಲ್ಲಿ ಪೂಚದ ಜಗಳ ಜೋರಾಯಿತು, ನಾನು ಆಚೆ ಹೋದೆ. ಸಂಜೆ ನೆಲ ಒರೆಸಲಾಯಿತು. ಕವಿತೆ ನನ್ನ ತಲೆಯಲ್ಲಿ ಉಳಿಯಿತು, ನಾನು ತಿದ್ದಿದ ಹಾಗೆ.

ಅದಾಗಿ ಸ್ವಲ್ಪ ದಿನಕ್ಕೆ ಸುಳ್ಯದಲ್ಲಿ ಒಂದು ಸಣ್ಣ ಕೂಟ. ಮನೆಯಲ್ಲಿ ಮಕ್ಕಳಿಗೆ ಕವಿತೆ ಕಲಿಸುವ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಹಳೆಯ ಪರಿಚಯದವರೊಬ್ಬರು ಕರೆದರು. ಪ್ರೆಸ್ಸಿನ ಮೂಲೆಯಲ್ಲಿ ಕೂತು ಬೇರೆಯವರ ಭಾಷಣಗಳ ಪ್ರೂಫ್ ನೋಡಿದವನಿಗೆ ಮೈಕಿನ ಮುಂದೆ ನಿಲ್ಲುವ ಯೋಗ. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದೆ. ಕಡಬದ ಕಡುಬು ಹೇಳಿದೆ, ಜನ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಗಿಸಿದ ಮೇಲೆ ಅಳಿಸುವ ಆಸೆ ಬಂತು. ಆ ನಾಲ್ಕು ಸಾಲು ಹೇಳಿದೆ, ರಾಗ ಎಳೆದು, ಒಂದೊಂದು ‘ಇಲ್ಲ’ದ ಮೇಲೂ ಉಸಿರು ಬಿಟ್ಟು.

ಎದುರಿನ ಸಾಲಿನಲ್ಲಿ ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಕಣ್ಣೀರು ನನ್ನ ತಲೆಗೆ ಏರಿತು. ವಿವರಣೆಗೆ ತೊಡಗಿದೆ. “ಈ ಮಗುವಿನ ತಾಯಿ ನಮ್ಮ ಹಿಂದಿನ ಓಣಿಯಲ್ಲೇ ಹೊಲಿಗೆ ಮಾಡುವವರು. ಬೆಳಗಿನಿಂದ ಸಂಜೆಯವರೆಗೆ ಮಿಶನಿನ ಮುಂದೆ. ಮಗುವಿಗೆ ಮಡಿಲು ಎಲ್ಲಿಂದ ಸಿಗಬೇಕು?” ಎಂದೆ. ಯಾರೂ ಕೇಳಿರಲಿಲ್ಲ. ನಾನಾಗಿಯೇ ಹೇಳಿದೆ. ಚಪ್ಪಾಳೆ ಬಹಳ ಹೊತ್ತು ಬಿತ್ತು.

ಮುಂದಿನ ವಾರ ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ಹುಡುಗಿಯ ಅಮ್ಮ ಗೇಟು ದೂಡಿಕೊಂಡು ಬಂದರು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು. ಹಿಂದೆಯೇ ಆ ಹುಡುಗಿ.

“ಅಜ್ಜೆರೇ” ಎಂದರು, ತುಳುವಿನಲ್ಲಿ ಹಿರಿಯರನ್ನು ಕರೆಯುವ ಹಾಗೆ ಮರ್ಯಾದೆಯಿಂದಲೇ. ಮರ್ಯಾದೆ ಅಲ್ಲಿಗೆ ಮುಗಿಯಿತು. “ನಾನು ಮಗುವನ್ನು ಮಡಿಲಲ್ಲಿ ಕೂರಿಸುದಿಲ್ಲ ಅಂತ ನಿಮ್ಗೆ ಯಾರು ಹೇಳಿದ್ದು?”

ಸುಳ್ಯದ ಸಭೆಯಲ್ಲಿ ಕಣ್ಣೊರೆಸಿಕೊಂಡವರು ಪುತ್ತೂರಿನವರೇ ಆದ ನಿವೃತ್ತ ಟೀಚರಂತೆ. ಒಳ್ಳೆಯ ಮನಸ್ಸಿನವರು. ಹಣ್ಣು ಮತ್ತು ಒಂದು ಹೊಸ ಫ್ರಾಕು ತೆಗೆದುಕೊಂಡು ವಿಚಾರಿಸುತ್ತ ಇವರ ಮನೆ ಹುಡುಕಿ ಬಂದು, ದುಡಿಮೆ ಎಷ್ಟಿದ್ದರೂ ಮಗುವಿಗೆ ಸ್ವಲ್ಪ ಹೊತ್ತು ಕೊಡಬೇಕಮ್ಮಾ ಎಂದು ಬುದ್ಧಿ ಹೇಳಿ ಹೋಗಿದ್ದರು. ರವಕೆ ಕೊಡಲು ಬಂದಿದ್ದ ಇಬ್ಬರು ಗಿರಾಕಿಗಳ ಎದುರಿಗೇ.

“ಇವಳನ್ನು ಮಡಿಲಲ್ಲಿ ಇಟ್ಕೊಂಡೇ ನಾನು ಹುಕ್ಕು ಹಾಕುದು! ಕಾಲು ಜೋಮು ಹಿಡೀತದೆ, ಏಳು ಅಂದ್ರೆ ಏಳುದಿಲ್ಲ ಇವಳು. ಗೊತ್ತುಂಟಾ ನಿಮ್ಗೆ? ಯಾರ್ಯಾರೋ ಬಂದು ಬುದ್ಧಿ ಹೇಳ್ಲಿಕ್ಕೆ ನಮ್ಮದೆಂತ ಬಸ್‌ಸ್ಟ್ಯಾಂಡಾ?” ಸಿಟ್ಟು ಏರಿ ಕನ್ನಡ ತಪ್ಪಿ ತುಳುವಿಗೆ ಹೊರಳಿತು. “ಅವು ಎಂಕ್ಲೆನ ಇಲ್ಲ್ ಅಜ್ಜೆರೇ! ಇಲ್ಲ್!”

ಅದು ನಮ್ಮ ಮನೆ ಎಂದರು. ತುಳುವಿನಲ್ಲಿ ಇಲ್ಲ್ ಎಂದರೆ ಮನೆ.

ಅರ್ಧಕ್ಕೆ ನಿಲ್ಲುವ ಇಲ್ಲ್. ನಾನು ಹೆಬ್ಬೆರಳಿನಿಂದ ಬಾಲ ಒರೆಸಿದ ಇಲ್ಲ್. ಇಷ್ಟು ವರ್ಷ ಪುತ್ತೂರಿನಲ್ಲಿದ್ದು, ದಿನಕ್ಕೆ ಹತ್ತು ಸಲ ಕೇಳುವ, ನಾನೇ ಆಡುವ ಮಾತು. ಮೀನಿಗೆ ನೀರು ಮನೆ. ಇರುವೆಗೆ ಮಣ್ಣು ಮನೆ. ಹಕ್ಕಿಗೆ ಮರ ಮನೆ. ನಂಗೆ ಅಮ್ಮನ ಮಡಿಲು ಮನೆ. ಮನೆಯ ಮಾತು ತನ್ನಿ ಎಂದರೆ ಆ ಮಗು ಮನೆಯನ್ನೇ ತಂದಿತ್ತು. ತಂದಿದ್ದೇನಲ್ಲ ಅಜ್ಜ ಎಂದು ಹೇಳಿಯೂ ಇತ್ತು.

ಇಲ್ಲಿಯವರೆಗಿನದ್ದು ಅಜ್ಞಾನ. ಅದಕ್ಕೆ ಕ್ಷಮೆ ಇರಬಹುದು. ನಾನು ಒಪ್ಪಿಕೊಳ್ಳಬೇಕಾದದ್ದು ಇದರ ನಂತರದ್ದು.

ಅಮ್ಮ ಮಗಳನ್ನು ಮುಂದೆ ಎಳೆದು ನನ್ನನ್ನೇ ಕೇಳಿದರು: “ಇವಳು ಹಾಗೆ ಬರ್ದದ್ದು ಹೌದಾ? ಅಮ್ಮನ ಮಡಿಲು ಇಲ್ಲ ಅಂತ?”

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಆಗ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಸುಳ್ಯದ ಚಪ್ಪಾಳೆ ನೆನಪಾಯಿತು, ಒಳಬಾಗಿಲಲ್ಲಿ ಬಂದು ನಿಂತ ಹೆಂಡತಿ ಕಂಡಳು, ಪ್ರೂಫ್ ನೋಡುವವನೇ ತಪ್ಪು ಮಾಡಿದ ಎಂಬ ಮಾತು ಕಿವಿಯಲ್ಲಿ ಕೇಳಿದ ಹಾಗಾಯಿತು.

“ಹೌದು” ಎಂದೆ. “ಮಗು ಬರೆದದ್ದೇ ಹಾಗೆ.”

ಅಮ್ಮ ಅವಳ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಮೆಟ್ಟಿಲಿನಲ್ಲಿ ಅವಳ ಚಪ್ಪಲಿ ಉಳಿಯಿತು.

ಶಾಲೆ ಶುರುವಾಯಿತು. ಭಾನುವಾರಗಳಲ್ಲಿ ಉಳಿದ ಮಕ್ಕಳು ಬರುತ್ತಿದ್ದರು, ಮೂಲೆಯ ಜಾಗದಲ್ಲಿ ಯಾರೂ ಮಲಗುತ್ತಿರಲಿಲ್ಲ. ಒಂದು ದಿನ ಮೊಮ್ಮಗಳು ಊಟ ಮಾಡುತ್ತ ಹೇಳಿದಳು: “ಅವಳೀಗ ಶಾಲೆಯಲ್ಲಿಯೂ ಬರೆಯುದಿಲ್ಲ ಅಜ್ಜ. ಕೇಳಿದ್ರೆ, ‘ನಂಗೆ ಕವಿತೆ ಬರುದಿಲ್ಲ, ನಾನು ಬರ್ದ್ರೆ ಬೇರೆಯೇ ಆಗ್ತದೆ’ ಅಂತಾಳೆ.”

ಅನ್ನ ತಟ್ಟೆಯಲ್ಲೇ ಉಳಿಯಿತು. ಅಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಅವಳು ಎದ್ದು ಹೋಗಿ, ಕಪಾಟಿನಿಂದ ಒಂದು ರವಕೆ ಕಣ ತಂದು ನನ್ನ ಕೈಗೆ ಕೊಟ್ಟಳು.

“ಹೇಗೂ ಹೋಗ್ಬೇಕಲ್ಲ, ಇದನ್ನೂ ಕೊಟ್ಟು ಬನ್ನಿ. ಅಳತೆ ಹಳೇದೇ ಸಾಕು ಅಂತ ಹೇಳಿ. ತೋಳು ಮಾತ್ರ ಸ್ವಲ್ಪ ಸಡಿಲ.”

ಹೀಗೆ ನಾನು ಒಂದು ಚೀಲದಲ್ಲಿ ಮಗುವಿನ ಚಪ್ಪಲಿ, ಇನ್ನೊಂದರಲ್ಲಿ ರವಕೆ ಕಣ ಹಿಡಿದು ತಪ್ಪೊಪ್ಪಿಕೊಳ್ಳಲು ಹೊರಟೆ. ಹುಡುಗಿಯ ಅಮ್ಮ ಮಿಶನಿನ ಮೇಲಿಂದ ತಲೆ ಎತ್ತಲಿಲ್ಲ. ನಾನು ಮೊದಲು ರವಕೆ ಕೊಟ್ಟೆ. ಧೈರ್ಯ ಸಾಲದೆ ತೋಳಿನ ಸಡಿಲದ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡಿದೆ. ಮತ್ತೆ ಚಪ್ಪಲಿ ಕೆಳಗಿಟ್ಟು, ನಿಂತುಕೊಂಡೇ ಹೇಳಿದೆ. ಮಗು ಬರೆದದ್ದು ‘ಇಲ್ಲ’ ಅಲ್ಲ, ‘ಇಲ್ಲ್’. ಅಳಿಸಿದ್ದು ನಾನು. ನೀವು ಬಂದ ದಿನ ನನಗೆ ಗೊತ್ತಾಗಿತ್ತು, ಗೊತ್ತಾಗಿಯೂ ಸುಳ್ಳು ಹೇಳಿದೆ.

ಮಿಶನ್ ನಿಂತಿತು.

“ಎಂತ? ಇನ್ನೊಮ್ಮೆ ಹೇಳಿ.”

ನಾಲ್ಕು ಸಾಲನ್ನೂ ಸರಿಯಾಗಿ ಹೇಳಿದೆ. ಮೊದಲ ಸಾಲಿಗೆ ಅವರ ಭುಜ ಅಲುಗಿತು, ಎರಡನೆಯದಕ್ಕೆ ಟೇಪು ಕೊರಳಿನಿಂದ ಜಾರಿತು, ಮೂರನೆಯದಕ್ಕೆ ನಗು ತಡೆಯದೆ ಮಿಶನಿಗೆ ಒರಗಿಬಿಟ್ಟರು. “ಅಯ್ಯೋ ಅಜ್ಜೆರೇ! ಇಷ್ಟು ವರ್ಷ ಇಲ್ಲಿದ್ದು ನಿಮ್ಗೆ ತುಳು ಬರುದಿಲ್ವಾ?”

“ಬರ್ತದೆ ಅಮ್ಮಾ. ಅದೇ ದೊಡ್ಡ ತಪ್ಪು. ಚೆನ್ನಾಗಿಯೇ ಬರ್ತದೆ.”

ನಾಲ್ಕನೆಯ ಸಾಲು ಕೇಳಿದಾಗ ಅವರು ನಗಲಿಲ್ಲ. “ನಾನು ಅವಳಿಗೆ ಬೈದೆ” ಎಂದರು. ಮತ್ತೆ ಒಳಗೆ ತಿರುಗಿ ಮಗಳನ್ನು ಕರೆದರು.

ಅವಳು ಬಂದು ಅಮ್ಮನಿಗೆ ಅಂಟಿಕೊಂಡು ನಿಂತಳು. ಅವಳ ಭಾಷೆಯಲ್ಲೇ ಹೇಳಬೇಕೆಂದು ಬರುವಾಗಲೇ ತೀರ್ಮಾನಿಸಿದ್ದೆ. “ತಪ್ಪಾಂಡ್ ಮಗಾ” ಎಂದೆ. ತಪ್ಪಾಯಿತು ಎಂದು.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಜ್ಜನ ಮನೆಯ ಮಾತು ಯಾವ್ದು?”

“ಅರೆಭಾಷೆ.”

“ಮತ್ತೆ ಆ ದಿನ ಎಲ್ರೂ ತಂದದ್ದು, ನೀವು ಯಾಕೆ ತರ್ಲಿಲ್ಲ?”

ಅರೆಭಾಷೆಯಲ್ಲಿ ಹೆಂಡತಿಯ ಬೈಗುಳ ತಿಂದಿದ್ದೇನೆ, ಬೇಳೆಕಾಳು ತಂದಿದ್ದೇನೆ, ಕವಿತೆ ಕಟ್ಟಿದವನಲ್ಲ. ಪ್ರೆಸ್ಸಿನಲ್ಲಿ ಆ ಮಾತುಗಳು ಬಂದರೆ ನಾನೇ ಸುತ್ತುಹಾಕಿ ತಿದ್ದುತ್ತಿದ್ದೆ.

“ನೀವು ತನ್ನಿ” ಎಂದಳು ಅವಳು. “ತಂದ್ರೆ ನಾನು ಬರ್ತೇನೆ.” ಮತ್ತೆ ಸ್ವಲ್ಪ ಯೋಚಿಸಿ, “ನೆಲದಲ್ಲಿ ಬರೀಬೇಕು. ಮಲಗಿ” ಎಂದಳು.

“ಅಜ್ಜೆರಿಗೆ ಸೊಂಟ ನೋವು ಮಾರಾಯ್ತಿ!” ಎಂದರು ಅಮ್ಮ.

“ನಂಗೆ ಗೊತ್ತುಂಟು” ಎಂದಳು ಮಗಳು.

ಆ ನಿವೃತ್ತ ಟೀಚರಿಗೆ ಅಂದೇ ಫೋನ್ ಮಾಡಿದೆ. ಅವರಿಗೂ ನಗು ಬಂತು, ನಾಚಿಕೆಯೂ ಆಯಿತು. ಹುಡುಗಿಯ ಮನೆಗೆ ಹೋಗಿ ಸರಿಮಾಡಿಕೊಂಡರು, ಈಗ ಅವರ ರವಕೆಯೂ ಅಲ್ಲಿಯೇ ಹೊಲಿಯುವುದು. ಆದರೆ ಸುಳ್ಯದ ಆ ಸಭೆಯಲ್ಲಿದ್ದ ಉಳಿದವರು ಯಾರು, ಎಲ್ಲಿಯವರು ಎಂದು ನನಗೆ ಗೊತ್ತಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಯಬೇಕು: ಆ ಮಗುವಿಗೆ ಮಡಿಲಿಗೆ ಏನೂ ಕೊರತೆಯಿಲ್ಲ, ಕೊರತೆ ಇದ್ದದ್ದು ನನಗೆ ಕಿವಿಯದ್ದು. ನೀವು ಆ ದಿನ ಅತ್ತದ್ದು ನನ್ನ ಹೆಬ್ಬೆರಳಿಗಾಗಿ.

ಭಾನುವಾರ ಬಂತು. ಮಕ್ಕಳೆಲ್ಲ ಗೋಡೆಯ ಬದಿಗೆ ಸಾಲಾಗಿ ಕೂತಿದ್ದರು, ಅಜ್ಜ ಮಲಗಿ ಬರೆಯುವ ಆಟ ನೋಡಲು. ಹುಡುಗಿ ಮೆಟ್ಟಿಲಿನಲ್ಲೇ ನಿಂತಿದ್ದಳು, ಚಪ್ಪಲಿ ಬಿಚ್ಚಿರಲಿಲ್ಲ. ಹೆಂಡತಿ ನನ್ನ ಎದೆಯಡಿಗೆ ಒಂದು ತಲೆದಿಂಬು ತಂದಿಟ್ಟು, “ಏಳುವಾಗ ಕರೀರಿ, ಇಬ್ರು ಬೇಕಾದೀತು” ಎಂದು ಅಲ್ಲಿಯೇ ಕೂತಳು. ನೆಲ ತಣ್ಣಗಿತ್ತು. ಅಷ್ಟು ಹತ್ತಿರದಿಂದ ನಾನು ಅದನ್ನು ಯಾವತ್ತೂ ನೋಡಿರಲಿಲ್ಲ. ಎಷ್ಟೋ ಭಾನುವಾರಗಳ ಸುಣ್ಣ ಸಂದುಗಳಲ್ಲಿ ಸಣ್ಣಗೆ ಉಳಿದಿತ್ತು. ಬರೆದೆ:

ಮೀನಿಗೆ ನೀರುಟ್ಟು
ಹಕ್ಕಿಗೆ ಮರವುಟ್ಟು
ಗೂಡೆಗೆ ಮಡಿಲುಟ್ಟು
ಅಜ್ಜಂಗೆ ನಾಚಿಕೆಯುಟ್ಟು

ಹುಡುಗಿ ಚಪ್ಪಲಿ ಬಿಚ್ಚಿದಳು. ಬಂದು ನನ್ನ ಪಕ್ಕದಲ್ಲಿ ಹೊಟ್ಟೆ ಅಡಿಮಾಡಿ ಮಲಗಿ ಒಂದೊಂದೇ ಅಕ್ಷರ ಓದಿದಳು. ಹುಬ್ಬು ಗಂಟಿಕ್ಕಿತು.

“ಮೀನು ನೀರನ್ನು ಉಟ್ಟದ್ದಾ? ಸೀರೆ ಉಟ್ಟ ಹಾಗೆ?”

ಜಗಲಿ ಹಾರಿಹೋಗುವ ಹಾಗೆ ಮಕ್ಕಳು ನಕ್ಕರು. ಹಕ್ಕಿ ಮರ ಉಟ್ಟದ್ದು, ಹುಡುಗಿ ಮಡಿಲು ಉಟ್ಟದ್ದು, ಅಜ್ಜ ನಾಚಿಕೆ ಉಟ್ಟದ್ದು! ಮೊಮ್ಮಗಳು ಎದ್ದು ಸೆರಗು ಹಿಡಿದ ಹಾಗೆ ಮಾಡಿ ಮೀನಿನ ನಡಿಗೆ ನಡೆದೇಬಿಟ್ಟಳು. ನನ್ನ ಹೆಂಡತಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

ಹುಡುಗಿ ಮಾತ್ರ ಇನ್ನೂ ಅಕ್ಷರಗಳನ್ನೇ ನೋಡುತ್ತಿದ್ದಳು. ಅವಳ ಹೆಬ್ಬೆರಳು ಮೆಲ್ಲಗೆ ಬಾಯಿಗೆ ಹೋಯಿತು, ಒದ್ದೆಯಾಗಿ ಬಂತು, ‘ನೀರುಟ್ಟು’ವಿನ ಕೊನೆಯ ಅಕ್ಷರದ ಮೇಲೆ ಬಂದು ನಿಂತಿತು. ನನ್ನ ಅಭ್ಯಾಸವೇ, ಅಚ್ಚು ಹೊಡೆದ ಹಾಗೆ.

ಹೆಬ್ಬೆರಳು ಇಳಿಯಲಿಲ್ಲ. ಅವಳು ಕತ್ತು ಹೊರಳಿಸಿ ನನ್ನ ಮುಖ ನೋಡಿದಳು.

“ಅಜ್ಜ, ಇದು ನಿಮ್ಮ ಮನೆಯ ಮಾತಾ?”

“ಹೌದು ಮಗಾ” ಎಂದೆ. “ಉಟ್ಟು ಅಂದ್ರೆ ಉಂಟು.”

“ಹಾಗಾದ್ರೆ ಇರ್ಲಿ” ಎಂದು ಹೆಬ್ಬೆರಳನ್ನು ಫ್ರಾಕಿಗೆ ಒರೆಸಿಕೊಂಡಳು. ಮತ್ತೆ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಸ್ವಲ್ಪ ಹೊತ್ತು ಬಾಯಲ್ಲಿಟ್ಟು ಯೋಚಿಸಿ, ನನ್ನ ಸಾಲುಗಳ ಕೆಳಗೆ ತನ್ನ ನಾಲ್ಕು ಸಾಲು ಬರೆದಳು. ಪ್ರತಿ ಇಲ್ಲ್‌ನ ಬಾಲವನ್ನೂ ಎಷ್ಟು ಒತ್ತಿ ಎಳೆದಳೆಂದರೆ ಮೂರನೆಯದಕ್ಕೆ ಸೀಮೆಸುಣ್ಣ ಮುರಿಯಿತು. ಉಳಿದ ತುಂಡಿನಲ್ಲಿ ನಾಲ್ಕನೆಯದನ್ನು ಮುಗಿಸಿ, ಬಿಳಿ ತುಟಿಯಲ್ಲಿ ನಕ್ಕು, ಗೆರಟೆಗೆ ಕೈ ಚಾಚಿದಳು.

ನನ್ನನ್ನು ಎಬ್ಬಿಸಲು ಮೂರು ಜನ ಬೇಕಾಯಿತು.